ಅಪ್ಪ ಬಿಚ್ಚಿಟ್ಟ ಜಾಲರಿ: ನೀರು ಉಳಿಸುವ ನಲ್ಲಿ, ಶವರ್, ಫ್ಲಶ್‌ಗಳ ಜೊತೆ ಒಂದು ವರ್ಷ

ನೀರು ಉಳಿಸುವ ನಲ್ಲಿ ಹಾಕಿಸಿ ಮೂರನೇ ದಿನಕ್ಕೆ, ಮೇಲಿನ ಮಹಡಿಯ ವಾಶ್‌ಬೇಸಿನ್ ಪಕ್ಕದ ಸೋಪ್ ಡಬ್ಬಿಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಜಾಲರಿ ಸಿಕ್ಕಿತು. ಅಪ್ಪ ಬಿಚ್ಚಿಟ್ಟಿದ್ದರು. ಯಾಕಪ್ಪಾ ಅಂತ ಕೇಳಿದರೆ, "ಕೈ ತೊಳೆಯೋಕೆ ಅರ್ಧ ಗಂಟೆ ನಿಲ್ಲೋಕಾಗುತ್ತಾ? ನಲ್ಲಿ ಬಾಯಲ್ಲಿ ಅದೇನೋ ಅಡ್ಡ ಸಿಕ್ಕಿಕೊಂಡಿತ್ತು, ತೆಗೆದೆ" ಅಂದರು. ಆ ಅಡ್ಡ ಸಿಕ್ಕಿಕೊಂಡಿದ್ದನ್ನೇ ನಾನು ದುಡ್ಡು ಕೊಟ್ಟು ತಂದಿದ್ದು. ಅವತ್ತು ಸ್ವಲ್ಪ ಕೋಪ ಬಂತು. ಆದರೆ ತಪ್ಪು ಅಪ್ಪನದಲ್ಲ, ನನ್ನದು. ಅದು ಗೊತ್ತಾಗೋಕೆ ಎರಡು ವಾರ ಬೇಕಾಯಿತು.

ಎರಡು ಬಾತ್‌ರೂಮ್‌ನಲ್ಲಿ ಒಂದು ವರ್ಷದಿಂದ ಬಳಸುತ್ತಿರುವ ಸಾಮಾನಿನ ಬಗ್ಗೆ ಬರೆಯುತ್ತಿದ್ದೇನೆ. ನಲ್ಲಿಗೆ ಏರೇಟರ್, ಒಂದೇ ಹಿಡಿಯ ಬಿಸಿ-ತಣ್ಣೀರು ಮಿಕ್ಸರ್, ಎರಡು ಶವರ್ (ಮೊದಲನೆಯದನ್ನು ತೆಗೆಸಬೇಕಾಯಿತು, ಅದರ ಕಥೆ ಮುಂದಿದೆ), ಶವರ್ ಪೈಪಿಗೆ ಸಿಕ್ಕಿಸುವ ಒಂದು ಮೀಟರ್, ಎರಡು ಬಟನ್ನಿನ ಫ್ಲಶ್ ಟ್ಯಾಂಕ್. ಪ್ರತಿಯೊಂದರ ಡಬ್ಬಿ ಮೇಲೂ ಇಷ್ಟು ಪರ್ಸೆಂಟ್ ನೀರು ಉಳಿತಾಯ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ನಾನು ಆ ನಂಬರ್ ನೋಡೋದು ಬಿಟ್ಟಿದ್ದೇನೆ. ಈಗ ನೋಡೋದು ಒಂದೇ: ಹಾಕಿ ಒಂದು ತಿಂಗಳಾದ ಮೇಲೂ ಅದು ಹಾಕಿದ ಜಾಗದಲ್ಲೇ ಇದೆಯಾ, ಇಲ್ಲಾ ಮನೆಯವರು ಯಾರಾದರೂ ಬಿಚ್ಚಿ ಸೋಪ್ ಡಬ್ಬಿಗೆ ಹಾಕಿದ್ದಾರಾ.

ಮೊದಲು ಏರೇಟರ್. ನಲ್ಲಿಯ ಮೂತಿಗೆ ತಿರುಗಿಸಿ ಕೂರಿಸುವ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಒಂದು ಬಿಲ್ಲೆ ಅಷ್ಟೇ. ಒಳಗೆ ಒಂದರ ಮೇಲೊಂದು ಜಾಲರಿ. ನೀರು ಸಣ್ಣ ತೂತುಗಳಲ್ಲಿ ರಭಸದಿಂದ ನುಗ್ಗುವಾಗ ಪಕ್ಕದ ಸಂದಿಯಿಂದ ಗಾಳಿಯನ್ನೂ ಎಳೆದುಕೊಳ್ಳುತ್ತದೆ, ಹಾಗಾಗಿ ಕಮ್ಮಿ ನೀರಿದ್ದರೂ ಧಾರೆ ದಪ್ಪಗೆ, ಬೆಳ್ಳಗೆ, ಮೆತ್ತಗೆ ಬರುತ್ತದೆ. ಒಳ್ಳೆಯ ಮಾಡೆಲ್‌ಗಳಲ್ಲಿ ಇದರ ಜೊತೆ ಒಂದು ಸಣ್ಣ ರಬ್ಬರ್ ರಿಂಗ್ ಇರುತ್ತದೆ. ಒತ್ತಡ ಜಾಸ್ತಿ ಆದಷ್ಟೂ ಅದು ಚಪ್ಪಟೆಯಾಗಿ ನೀರಿನ ದಾರಿಯನ್ನು ಕಿರಿದು ಮಾಡುತ್ತದೆ, ಒತ್ತಡ ಇಳಿದಾಗ ಮತ್ತೆ ದುಂಡಗಾಗಿ ದಾರಿ ಬಿಡುತ್ತದೆ. ಕರೆಂಟಿಲ್ಲ, ಬ್ಯಾಟರಿ ಇಲ್ಲ, ಒಂದು ರಬ್ಬರ್ ಬಳೆ ಅಷ್ಟು ಕೆಲಸ ಮಾಡುತ್ತದೆ. ಇಡೀ ಬಾತ್‌ರೂಮ್‌ನಲ್ಲಿ ನನಗೆ ಇಷ್ಟವಾದ ಜಾಣತನ ಇದೇ.

ಅಳೆದು ನೋಡಿದೆ. ಕೆಳಗಿನ ಮಹಡಿಯಲ್ಲಿ ಹಳೇ ನಲ್ಲಿ ಪೂರ್ತಿ ಬಿಟ್ಟರೆ 1 ಲೀಟರ್ ಜಗ್ 6 ಸೆಕೆಂಡಿಗೆ ತುಂಬುತ್ತಿತ್ತು, ಅಂದರೆ ನಿಮಿಷಕ್ಕೆ 10 ಲೀಟರ್. 4 ಲೀಟರಿನ ಏರೇಟರ್ ಹಾಕಿದ ಮೇಲೆ ಅದೇ ಜಗ್ಗಿಗೆ 15 ಸೆಕೆಂಡ್. ಡಬ್ಬಿ ಮೇಲೆ ಹೇಳಿದ್ದೂ ಅಷ್ಟೇ. ಕೈ ತೊಳೆಯುವಾಗ ವ್ಯತ್ಯಾಸ ಗೊತ್ತೇ ಆಗಲ್ಲ, ನಿಜವಾಗಿಯೂ. ನಾವು ನಲ್ಲಿ ಕೆಳಗೆ ಕೈ ಹಿಡಿಯೋದು ಕೈ ಒದ್ದೆ ಮಾಡೋಕೆ, ಸೋಪ್ ಹೋಗಿಸೋಕೆ. ಉಳಿದ ನೀರು ಕೈಗೆ ತಾಗಿದ ಹಾಗೆ ಮಾಡಿ ಬೇಸಿನ್‌ಗೆ ಹೋಗುತ್ತದೆ.

ಅದೇ ಏರೇಟರನ್ನು ಮೇಲಿನ ಮಹಡಿಯಲ್ಲಿ ಅಳೆದರೆ? ಜಗ್ ತುಂಬೋಕೆ 50 ಸೆಕೆಂಡ್! ನಿಮಿಷಕ್ಕೆ 1.2 ಲೀಟರ್. ಅಪ್ಪ ಹೇಳಿದ ಅರ್ಧ ಗಂಟೆ ಸುಮ್ನೆ ಅಲ್ಲ.

ಕಾರಣ ಒತ್ತಡ. ಕೆಳಗಿನ ಲೈನಿಗೆ ಪ್ರೆಷರ್ ಪಂಪ್ ಇದೆ. ಮೇಲಿನದು ಚಾವಣಿ ಟ್ಯಾಂಕಿನಿಂದ ನೇರ ಇಳಿಯುವ ನೀರು, ಟ್ಯಾಂಕಿನ ನೀರಿನ ಮಟ್ಟಕ್ಕೂ ನಲ್ಲಿಗೂ ಹೆಚ್ಚು ಕಮ್ಮಿ 3 ಮೀಟರ್ ಎತ್ತರ. ನೀರು 10 ಮೀಟರ್ ಎತ್ತರದಿಂದ ಇಳಿದರೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ, ಹಾಗಾಗಿ ನಮ್ಮದು ಬರೀ 0.3 ಬಾರ್. ಏರೇಟರ್ ಡಬ್ಬಿ ಮೇಲೆ ಬರೆದ ನಂಬರ್ ಸಾಮಾನ್ಯವಾಗಿ 3 ಬಾರ್ ಲೆಕ್ಕದ್ದು. ತೂತಿನಿಂದ ಬರುವ ನೀರು ಒತ್ತಡದ ವರ್ಗಮೂಲದ ಲೆಕ್ಕದಲ್ಲಿ ಇಳಿಯುತ್ತದೆ, ಅಂದರೆ ಒತ್ತಡ ಹತ್ತನೇ ಒಂದು ಪಾಲಾದರೆ ನೀರು ಮೂರನೇ ಒಂದು ಪಾಲಿಗಿಂತ ಸ್ವಲ್ಪ ಕಮ್ಮಿ. 4 ಲೀಟರ್ 1.2 ಆಗಿದ್ದು ಹೀಗೆ. ಅಷ್ಟು ಸಣ್ಣ ಒತ್ತಡಕ್ಕೆ ಅದು ಗಾಳಿಯನ್ನೂ ಎಳೆದುಕೊಳ್ಳಲ್ಲ, ದಪ್ಪ ಬಿಳಿ ಧಾರೆಯ ಬದಲು ನಾಲ್ಕು ಎಳೆ ನೀರು ಜೋತು ಬೀಳುತ್ತದೆ. ಅಂಗಡಿಯವರಾಗಲೀ ನಲ್ಲಿ ಹಾಕಿದ ಪ್ಲಂಬರ್ ಆಗಲೀ ಇದನ್ನು ಹೇಳಲಿಲ್ಲ. ನಾನೂ ಕೇಳಲಿಲ್ಲ, ಬಿಡಿ.

ಮೇಲಿನ ನಲ್ಲಿಗೆ ಈಗ ಕಮ್ಮಿ ಒತ್ತಡಕ್ಕೆ ಅಂತಲೇ ಬರುವ, ಗಾಳಿ ಬೆರೆಸದ, ತೂತು ದೊಡ್ಡದಿರುವ ಜಾಲರಿ ಹಾಕಿದ್ದೇನೆ. ನಿಮಿಷಕ್ಕೆ 4 ಲೀಟರ್ ಹತ್ತಿರ ಬರುತ್ತದೆ, ಧಾರೆ ಗಾಜಿನ ಕಡ್ಡಿಯ ಹಾಗೆ ನೆಟ್ಟಗಿದೆ, ಚಿಮ್ಮಲ್ಲ. ಹನ್ನೊಂದು ತಿಂಗಳಾಯಿತು, ಅಪ್ಪ ಮುಟ್ಟಿಲ್ಲ. ನೀವು ಕೊಳ್ಳೋ ಮೊದಲು ಒಂದು ಜಗ್, ಒಂದು ಫೋನ್ ಹಿಡಿದು ನಿಮ್ಮ ಪ್ರತಿ ನಲ್ಲಿಯನ್ನೂ ಅಳೆಯಿರಿ. ಈಗಾಗಲೇ ನಿಮಿಷಕ್ಕೆ 4-5 ಲೀಟರ್ ಬರುತ್ತಿದ್ದರೆ ಆ ನಲ್ಲಿಗೆ ಏನೂ ಬೇಕಾಗಿಲ್ಲ.

ಏರೇಟರ್ ಮೇಲೆ ಎರಡು ದೂರು. ಒಂದು, ಗಡಸು ನೀರಿದ್ದರೆ ಜಾಲರಿಗೆ ಸುಣ್ಣ ಕಟ್ಟುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ ಒಂದು ರಾತ್ರಿ ವಿನೆಗರ್‌ನಲ್ಲಿ ನೆನೆಸಿಟ್ಟು ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿದರೆ ಸಾಕು. ಎರಡು, ಹೊಸ ಫ್ಯಾಷನ್ ನಲ್ಲಿಗಳಲ್ಲಿ ಏರೇಟರ್ ಹೊರಗೆ ಕಾಣಲ್ಲ, ಮೂತಿಯ ಒಳಗೆ ಹುದುಗಿರುತ್ತದೆ, ಅದನ್ನು ಬಿಚ್ಚೋಕೆ ಹಲ್ಲು ಹಲ್ಲಿನ ಒಂದು ಪ್ಲಾಸ್ಟಿಕ್ ಕೀ ಬೇಕು. ಆ ಕೀ ಡಬ್ಬಿಯ ತಳದಲ್ಲಿ ಇರುತ್ತದೆ. ಡಬ್ಬಿ ಮೊದಲ ದಿನವೇ ಕಸಕ್ಕೆ ಹೋಗಿರುತ್ತದೆ. ನನ್ನದೂ ಹೋಯಿತು. ಸ್ವಚ್ಛ ಮಾಡಲೇಬೇಕಾದ ವಸ್ತುವನ್ನು ಬಿಚ್ಚೋಕೆ ಆಗದ ಹಾಗೆ ಯಾಕೆ ಮಾಡುತ್ತಾರೋ. ನೋಡೋಕೆ ಚೆನ್ನಾಗಿದೆ ಅಂತ ಇರಬೇಕು.

ಇನ್ನೊಂದು ಮಾತು, ಬಕೆಟ್ ತುಂಬುವ ನಲ್ಲಿಗೆ ಏರೇಟರ್ ಹಾಕಬೇಡಿ. ಬಕೆಟ್‌ಗೆ ಬೇಕಾದಷ್ಟು ನೀರು ಬೇಕೇ ಬೇಕು, ತುಂಬೋದು ನಿಧಾನ ಆಗುತ್ತದೆ ಅಷ್ಟೇ, ಒಂದು ಹನಿಯೂ ಉಳಿಯಲ್ಲ.

ಮಿಕ್ಸರ್ ನಲ್ಲಿಗೆ ಬರೋಣ. ಸಾಮಾನ್ಯ ಸಿಂಗಲ್ ಲಿವರ್ ನಲ್ಲಿಯಲ್ಲಿ ಹಿಡಿ ನಡುವೆ ನಿಂತಿದ್ದರೆ ಅರ್ಧ ಬಿಸಿ, ಅರ್ಧ ತಣ್ಣೀರು. ಎಲ್ಲರೂ ಎತ್ತೋದು ನಡುವಿನಿಂದಲೇ, ನೋಡೋಕೆ ನೆಟ್ಟಗಿರುತ್ತದಲ್ವಾ. ಅಲ್ಲಿಗೆ ಕೈಯ ಮೇಲೆ ಎರಡು ಸೆಕೆಂಡ್ ನೀರು ಬಿಟ್ಟುಕೊಂಡರೂ ಗೀಸರಿನಿಂದ ಬಿಸಿನೀರು ಹೊರಟು ಪೈಪ್ ಅರ್ಧ ದಾರಿಯಲ್ಲಿ ನಿಂತು ತಣ್ಣಗಾಗುತ್ತದೆ. ಕೈಗೆ ಬರೋದು ತಣ್ಣೀರೇ, ಖರ್ಚಾಗೋದು ಮಾತ್ರ ಬಿಸಿನೀರು. ನಾನು ತಂದದ್ದರಲ್ಲಿ ನಡುವೆ ಬರೀ ತಣ್ಣೀರು, ಬಿಸಿ ಬೇಕಾದವರು ಬೇಕಂತಲೇ ಎಡಕ್ಕೆ ತಿರುಗಿಸಬೇಕು. ಜೊತೆಗೆ ಹಿಡಿ ಎತ್ತುವಾಗ ಅರ್ಧದಲ್ಲಿ ಒಂದು ಸಣ್ಣ ತಡೆ ಕೈಗೆ ಸಿಗುತ್ತದೆ. ಅಲ್ಲಿಗೆ ಅರ್ಧ ಹರಿವು. ಜಾಸ್ತಿ ಬೇಕಾದರೆ ಸ್ವಲ್ಪ ಬಲ ಹಾಕಿ ಮೇಲೆತ್ತಬೇಕು. ಯಾರಿಗೂ ಏನನ್ನೂ ಹೇಳಿಕೊಡಲಿಲ್ಲ, ಬೋರ್ಡ್ ಹಾಕಲಿಲ್ಲ. ಮನೆಯವರೆಲ್ಲ ಆ ತಡೆಯ ಹತ್ತಿರ ತಾವಾಗಿಯೇ ನಿಲ್ಲುತ್ತಾರೆ, ನಾನು ಗಮನಿಸಿ ನೋಡಿದ್ದೇನೆ. ತಂಗಿ ಬಂದಾಗ ಎರಡು ದಿನ ಬಳಸಿ ಹೋದಳು, ಅದರಲ್ಲೇನೋ ವಿಶೇಷ ಇದೆ ಅಂತ ಅವಳಿಗೆ ಗೊತ್ತೇ ಆಗಲಿಲ್ಲ. ಇಡೀ ವರ್ಷದಲ್ಲಿ ತಂದ ಸಾಮಾನಿನಲ್ಲಿ ಇದಕ್ಕೇ ಪೂರ್ತಿ ಮಾರ್ಕ್ಸ್.

ಶವರ್‌ನಲ್ಲಿ ನಾನು ಸೋತೆ. ಮೊದಲು ತಂದದ್ದು ನಿಮಿಷಕ್ಕೆ 5 ಲೀಟರಿನದು. ನೀರನ್ನು ಪುಡಿ ಪುಡಿ ಮಾಡಿ ಮಂಜಿನ ಹಾಗೆ ಸಿಂಪಡಿಸುವ ಜಾತಿ. ಮೊದಲ ದಿನ ಚೆನ್ನಾಗಿದೆ ಅನ್ನಿಸಿತು, ಹೋಟೆಲ್ ತರಹ. ಆದರೆ ಹನಿ ಸಣ್ಣದಾದಷ್ಟೂ ಗಾಳಿಯಲ್ಲಿ ಬೇಗ ತಣ್ಣಗಾಗುತ್ತದೆ. ತಲೆಗೆ ಬಿಸಿ, ಭುಜಕ್ಕೆ ಬೆಚ್ಚಗೆ, ಮೊಣಕಾಲಿಗೆ ಬರುವಷ್ಟರಲ್ಲಿ ತಣ್ಣಗೆ. ಎಲ್ಲರೂ ಬಿಸಿನೀರಿನ ಕಡೆ ಇನ್ನೊಂದಿಷ್ಟು ತಿರುಗಿಸಿದರು. ಅಮ್ಮನ ದೂರು ಬೇರೆಯೇ: "ತಲೆಗೆ ಹಾಕಿದ ಶಾಂಪೂ ಹೋಗ್ತಾನೇ ಇಲ್ಲ ಕಣೋ, ನೊರೆ ಹಾಗೇ ಇರುತ್ತೆ. ಹತ್ತು ನಿಮಿಷ ನಿಂತೆ." ನಿಮಿಷಕ್ಕೆ 5 ಲೀಟರಿನ ಶವರ್ ಕೆಳಗೆ ಹತ್ತು ನಿಮಿಷ ಜಾಸ್ತಿ ನಿಂತರೆ 50 ಲೀಟರ್ ಜಾಸ್ತಿ. ಉಳಿತಾಯ ಎಲ್ಲಿ ಬಂತು?

ಹರಿವು ಕಮ್ಮಿ ಮಾಡೋದು ದೊಡ್ಡ ವಿಷಯವೇ ಅಲ್ಲ, ಒಂದು ಬಿಲ್ಲೆಗೆ ಸಣ್ಣ ತೂತು ಕೊರೆದರೆ ಆಯಿತು. ಕಮ್ಮಿ ನೀರಲ್ಲಿ ಮೈ ತೊಳೆದ ಹಾಗೆ ಮಾಡೋದೇ ವಿನ್ಯಾಸ. ಅಮೆರಿಕದಲ್ಲಿ 1992ರ ಕಾನೂನು ಶವರಿಗೆ ನಿಮಿಷಕ್ಕೆ 9.5 ಲೀಟರ್ ಮಿತಿ ಹಾಕಿತು. ಆಮೇಲೆ 2006ರಲ್ಲಿ ಅಲ್ಲಿನ ಪರಿಸರ ಇಲಾಖೆ ಶುರು ಮಾಡಿದ ವಾಟರ್‌ಸೆನ್ಸ್ ಮುದ್ರೆ ಬೇಕು ಅಂದರೆ ಶವರ್ 7.6 ಲೀಟರ್ ದಾಟಬಾರದು. ನನಗೆ ಹಿಡಿಸಿದ್ದು ಏನಂದರೆ, ಅವರು ಬರೀ ಲೀಟರ್ ಅಳೆದು ಬಿಡಲ್ಲ, ನೀರು ಎಷ್ಟು ಬಲವಾಗಿ ಬೀಳುತ್ತದೆ, ಎಷ್ಟು ಅಗಲಕ್ಕೆ ಹರಡುತ್ತದೆ ಅನ್ನೋದಕ್ಕೂ ಪರೀಕ್ಷೆ ಇದೆ. ಎರಡನೇ ಸಲ ನಾನು ಆ ಲೆಕ್ಕದಲ್ಲೇ ಹುಡುಕಿದೆ. 7.5 ಲೀಟರಿನದು ತಂದೆ. ತೂತು ಕಮ್ಮಿ, ಆದರೆ ದೊಡ್ಡವು, ಹನಿ ದಪ್ಪಗಿದೆ, ಬೆನ್ನಿಗೆ ಬಿದ್ದರೆ ಬಿತ್ತು ಅಂತ ಗೊತ್ತಾಗುತ್ತದೆ. ಅಮ್ಮ ಈಗ ಶವರ್ ಸುದ್ದಿಯೇ ಎತ್ತುವುದಿಲ್ಲ. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಹಳೇ ಶವರ್ ನಿಮಿಷಕ್ಕೆ 12 ಲೀಟರ್ ಸುರಿಯುತ್ತಿತ್ತು. 8 ನಿಮಿಷದ ಸ್ನಾನಕ್ಕೆ 96 ಲೀಟರ್, ಈಗ 60. ಉಳಿದ 36 ಲೀಟರ್ ನೀರು ಮಾತ್ರ ಅಲ್ಲ, ಬಿಸಿ ಮಾಡಿದ ನೀರು. 20 ಡಿಗ್ರಿಯ 36 ಲೀಟರನ್ನು 40 ಡಿಗ್ರಿಗೆ ತರೋಕೆ 0.8 ಯೂನಿಟ್ ಕರೆಂಟ್ ಬೇಕು. ಒಬ್ಬರ ಒಂದು ಸ್ನಾನಕ್ಕೆ ಅಷ್ಟು. ಅದಕ್ಕೇ ಯಾವುದಾದರೂ ಒಂದೇ ಸಾಮಾನು ಬದಲಾಯಿಸ್ತೀನಿ ಅನ್ನುವವರಿಗೆ ನಾನು ಶವರ್ ಬದಲಾಯಿಸಿ ಅಂತಲೇ ಹೇಳೋದು.

ಕಮ್ಮಿ ಹರಿವಿನ ಶವರ್ ಹಾಕಿದ ಮೇಲೆ ಒಂದು ಹೊಸ ಕಿರಿಕಿರಿ ಶುರುವಾಗುತ್ತದೆ, ಮೊದಲೇ ಗೊತ್ತಿರಲಿ. ಗೀಸರಿಗೂ ಶವರಿಗೂ ನಡುವಿನ ಪೈಪಿನಲ್ಲಿ ತಣ್ಣೀರು ನಿಂತಿರುತ್ತದಲ್ಲ, ಅದು ಖಾಲಿ ಆಗಬೇಕು. ಒಳಗಿನ ಅಗಲ 15 ಮಿಲಿಮೀಟರ್ ಇರುವ ಪೈಪಿನಲ್ಲಿ ಮೀಟರಿಗೆ ಸುಮಾರು 0.18 ಲೀಟರ್ ನೀರು ನಿಲ್ಲುತ್ತದೆ, 12 ಮೀಟರ್ ಪೈಪಿಗೆ 2 ಲೀಟರಿಗೂ ಸ್ವಲ್ಪ ಜಾಸ್ತಿ. ಹಳೇ ಶವರ್ ಅದನ್ನು 10 ಸೆಕೆಂಡಲ್ಲಿ ಹೊರಗೆ ತಳ್ಳುತ್ತಿತ್ತು, ಹೊಸದಕ್ಕೆ 17 ಸೆಕೆಂಡ್ ಬೇಕು. ಪೋಲಾಗುವ ನೀರು ಅಷ್ಟೇ, ನಡುಗುತ್ತಾ ಕಾಯೋದು ಮಾತ್ರ ಜಾಸ್ತಿ. ಅದಕ್ಕೆ ಪರಿಹಾರ ಶವರಿನಲ್ಲಿ ಇಲ್ಲ, ಗೀಸರನ್ನು ಹತ್ತಿರ ಹಾಕಿಸೋದರಲ್ಲಿ ಇದೆ. ನಾನು ಸದ್ಯಕ್ಕೆ ಒಂದು ಬಕೆಟ್ ಇಟ್ಟು ಆ 2 ಲೀಟರ್ ಹಿಡಿಯುತ್ತೇನೆ. ದಿನಾ ಹಿಡಿಯುತ್ತೇನೆ ಅಂತ ಸುಳ್ಳು ಹೇಳಲ್ಲ.

ಶವರ್ ಪೈಪಿಗೆ ಸಿಕ್ಕಿಸಿದ ಮೀಟರ್ ಕಥೆ ಕೇಳಿ. ಹರಿಯುವ ನೀರೇ ಒಳಗಿನ ಸಣ್ಣ ಚಕ್ರ ತಿರುಗಿಸಿ ಅದಕ್ಕೆ ಬೇಕಾದ ಕರೆಂಟ್ ಹುಟ್ಟಿಸುತ್ತದೆ, ಬ್ಯಾಟರಿ ಬೇಡ. ಪರದೆ ಮೇಲೆ ಎಷ್ಟು ಲೀಟರ್ ಆಯಿತು ಅಂತ ಕಣ್ಣೆದುರೇ ಏರುತ್ತಾ ಹೋಗುತ್ತದೆ, 21, 22, 23. ಇದೇ ಜಾತಿಯ ಒಂದು ಮೀಟರಿನಲ್ಲಿ ಹಿಮಗಡ್ಡೆ ಮೇಲೆ ನಿಂತ ಹಿಮಕರಡಿಯ ಚಿತ್ರವೂ ಇರುತ್ತದೆ, ನೀರು ಜಾಸ್ತಿ ಬಿಟ್ಟಷ್ಟೂ ಗಡ್ಡೆ ಕರಗುತ್ತದೆ. ಇದನ್ನೇ ಸ್ವಿಟ್ಜರ್ಲೆಂಡಿನ ನೂರಾರು ಮನೆಗಳಲ್ಲಿ ಹಾಕಿ ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು, ಸ್ನಾನಕ್ಕೆ ಖರ್ಚಾಗುವ ಶಕ್ತಿ 22% ಇಳಿದಿತ್ತು. ಆಮೇಲೆ ಹೋಟೆಲ್‌ಗಳಲ್ಲಿ ನೋಡಿದರು, ಅಲ್ಲಿ ಉಳಿಸಿದರೆ ಉಳಿಸಿದವರಿಗೆ ಒಂದು ಪೈಸೆ ಲಾಭ ಇಲ್ಲ, ಬಿಲ್ ಹೋಟೆಲಿನದು. ಆದರೂ 11.4% ಇಳಿಯಿತು. ನಂಬರ್ ಓಡೋದು ಕಂಡರೆ ಸಾಕು, ಕೈ ತಾನಾಗಿ ನಲ್ಲಿ ಕಡೆ ಹೋಗುತ್ತದೆ.

ನಮ್ಮ ಮನೆಯಲ್ಲೂ ಹಾಗೇ ಆಯಿತು, ಬೇರೆ ಕಾರಣಕ್ಕೆ. ಮಗಳು ಹೊರಗೆ ಬಂದು "ನಂದು 38" ಅಂತ ಕೂಗುತ್ತಾಳೆ, ಅಪ್ಪ "ನಂದು 31" ಅನ್ನುತ್ತಾರೆ, ಅಮ್ಮ ಈ ಆಟಕ್ಕೇ ಬರಲ್ಲ. ಮೊದಲ ತಿಂಗಳು ಈ ಪೈಪೋಟಿ ಜೋರಾಗಿತ್ತು. ಈಗ ಕೂಗಾಟ ಇಲ್ಲ, ಆದರೆ ನಾನೇ ಗಮನಿಸಿದ ಹಾಗೆ 40 ದಾಟಿದರೆ ಏನೋ ಕಸಿವಿಸಿ. ತಲೆಗೆ ಸೋಪ್ ಹಚ್ಚುವಾಗ ನೀರು ನಿಲ್ಲಿಸೋಕೆ ಶುರು ಮಾಡಿದ್ದೇ ಈ ಮೀಟರ್ ಬಂದ ಮೇಲೆ. ಕೊರತೆ ಅಂದರೆ ಪರದೆಯ ಅಕ್ಷರ ಸಣ್ಣದು. ಸ್ನಾನಕ್ಕೆ ಹೋಗುವಾಗ ಕನ್ನಡಕ ಯಾರು ಹಾಕಿಕೊಂಡಿರುತ್ತಾರೆ? ಅಪ್ಪ ಮೀಟರ್ ಹತ್ತಿರ ಮೂಗು ತಂದು ನೋಡುತ್ತಾರೆ.

ಈಗ ಫ್ಲಶ್. ಇದನ್ನು ಬರೆಯೋಕೇ ನಾನು ಕೂತಿದ್ದು.

ಎರಡು ಬಟನ್ನಿನ ಫ್ಲಶ್ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ, 1980ರಲ್ಲಿ ಕ್ಯಾರೋಮಾ ಕಂಪನಿಯ ಬ್ರೂಸ್ ಥಾಂಪ್ಸನ್ ಮಾಡಿದ್ದು. ಮೊದಲ ಮಾಡೆಲ್ 11 ಲೀಟರ್ ಮತ್ತು 5.5 ಲೀಟರ್. ಈಗ ಸಾಮಾನ್ಯವಾಗಿ ಸಿಗೋದು 6 ಮತ್ತು 3. ಟ್ಯಾಂಕ್ ಸಣ್ಣದು ಮಾಡಿದ ಮಾತ್ರಕ್ಕೆ ಇದು ಆಗಲಿಲ್ಲ, ಕಮೋಡ್ ಬೌಲಿನ ಆಕಾರ, ಅದರ ಹಿಂದಿನ ತಿರುವು, ನೀರು ಒಳಗೆ ಬರುವ ದಾರಿ ಎಲ್ಲವನ್ನೂ ಬದಲಾಯಿಸಬೇಕಾಯಿತು. ಅದಕ್ಕೇ ಹಳೇ 10 ಲೀಟರ್ ಟ್ಯಾಂಕಿಗೆ ಇಟ್ಟಿಗೆ ಹಾಕಿ ನೀರು ಉಳಿಸುವ ಉಪಾಯ ನನಗೆ ಇಷ್ಟ ಇಲ್ಲ. 10 ಲೀಟರಿಗೆ ಅಂತ ಮಾಡಿದ ಬೌಲ್ 7 ಲೀಟರಿಗೆ ಪೂರ್ತಿ ಹೋಗಿಸಲ್ಲ, ಎರಡು ಸಲ ಒತ್ತುತ್ತೀರಿ, 14 ಆಯಿತು. ಇಟ್ಟಿಗೆ ಕರಗಿ ಪುಡಿ ಹೋಗಿ ವಾಷರ್ ಕೆಳಗೆ ಸಿಕ್ಕಿಕೊಂಡರೆ ಸೋರಿಕೆ ಬೇರೆ.

ಅಮೆರಿಕದಲ್ಲೂ ಇದೇ ಆಗಿದ್ದು. 1994ರಿಂದ 6 ಲೀಟರ್ ಮಿತಿ ಬಂದಾಗ ಬಂದ ಮೊದಮೊದಲ ಕಮೋಡ್‌ಗಳನ್ನು ಜನ ಬೈದರು, ಎರಡೆರಡು ಸಲ ಫ್ಲಶ್ ಮಾಡಬೇಕಿತ್ತು. ಆಗಿನ ಪರೀಕ್ಷೆಯಲ್ಲಿ ಬಳಸುತ್ತಿದ್ದದ್ದು ಪ್ಲಾಸ್ಟಿಕ್ ಗೋಲಿ, ಸ್ಪಂಜು. ಅವು ತೇಲಿ ಹೋಗುತ್ತವೆ, ಅಸಲಿ ಸಾಮಾನು ಹಾಗೆ ಹೋಗಲ್ಲ ಅನ್ನೋದು ಯಾರಿಗಾದರೂ ಗೊತ್ತಿರುವ ವಿಷಯ. 2003ರ ಹೊತ್ತಿಗೆ ಕೆನಡಾ, ಅಮೆರಿಕದವರು ಸೇರಿ ಮ್ಯಾಪ್ ಅನ್ನುವ ಹೊಸ ಪರೀಕ್ಷೆ ತಂದರು. ಸೋಯಾಬೀನ್ ಪೇಸ್ಟನ್ನು ಉದ್ದುದ್ದಕ್ಕೆ ಮಾಡಿ, ಜೊತೆಗೆ ಟಾಯ್ಲೆಟ್ ಪೇಪರ್ ಉಂಡೆ ಹಾಕಿ, ಒಂದೇ ಫ್ಲಶ್ಶಿಗೆ ಎಷ್ಟು ಗ್ರಾಂ ಹೋಗುತ್ತದೆ ಅಂತ ನೋಡೋದು. 350 ಗ್ರಾಂ ದಾಟಿದರೆ ವಾಟರ್‌ಸೆನ್ಸ್‌ಗೆ ಸಾಕು, 1000 ಗ್ರಾಂ ಅಂದರೆ ಪೂರ್ತಿ ಅಂಕ. ಕಮೋಡ್ ಕೊಳ್ಳುವಾಗ ಲೀಟರ್ ಜೊತೆ ಈ ಗ್ರಾಂ ಎಷ್ಟು ಅಂತ ಕೇಳಿ. ಕೇಳೋಕೆ ಮುಜುಗರ ಅನ್ನಿಸಬಹುದು, ನನಗೂ ಅನ್ನಿಸಿತ್ತು. ಆಮೇಲೆ ದಿನಾ ಎರಡು ಸಲ ಒತ್ತುವ ಮುಜುಗರಕ್ಕಿಂತ ಅದು ವಾಸಿ.

ನನ್ನ ಟ್ಯಾಂಕ್ 6/3. ಬೌಲ್ ಚೆನ್ನಾಗಿ ಕೆಲಸ ಮಾಡುತ್ತದೆ. ಬಟನ್ ಮಾತ್ರ ಯಾರು ಯೋಚಿಸಿದರೋ! ಒಂದು ದುಂಡು ಬಿಲ್ಲೆ, ಅದರಲ್ಲಿ ಅರ್ಧಚಂದ್ರದ ಹಾಗೆ ಒಂದು ಸಣ್ಣ ತುಂಡು, ಇನ್ನೊಂದು ದೊಡ್ಡ ತುಂಡು. ದೊಡ್ಡದು ಜಾಸ್ತಿ ನೀರಿಗೋ, ಇಲ್ಲಾ ಜಾಸ್ತಿ ಸಲ ಒತ್ತುವ ಕಮ್ಮಿ ನೀರಿಗೋ? ಮನೆಗೆ ಬಂದ ಸೋದರತ್ತೆ ಯಾವುದು ಅಂತ ತಿಳಿಯದೆ ಎರಡನ್ನೂ ಒಟ್ಟಿಗೆ ಒತ್ತಿದರಂತೆ. ಎರಡೂ ಒತ್ತಿದರೆ ಪೂರ್ತಿ ಫ್ಲಶ್. ಗೊತ್ತಿಲ್ಲದವರು ಸುಮ್ನೆ ಒತ್ತುವ ದೊಡ್ಡ ಬಟನ್ ಕಮ್ಮಿ ನೀರಿನದಾಗಿದ್ದರೆ ಏನು ಹೋಗುತ್ತಿತ್ತು? ಬೇಕಾದವರು ಹುಡುಕಿ ಇನ್ನೊಂದನ್ನು ಒತ್ತುತ್ತಿದ್ದರು. ನಾನು ನೇಲ್ ಪಾಲಿಶ್‌ನಲ್ಲಿ ಸಣ್ಣ ಬಟನ್ ಮೇಲೆ ಒಂದು ಕೆಂಪು ಚುಕ್ಕಿ ಇಟ್ಟಿದ್ದೇನೆ.

ಲೇಬಲ್ಲಿನ ಲೆಕ್ಕ ನೋಡಿದರೆ ಇದು ಎಷ್ಟು ಮುಖ್ಯ ಅಂತ ಗೊತ್ತಾಗುತ್ತದೆ. ಆಸ್ಟ್ರೇಲಿಯಾದ ಸ್ಟಾರ್ ಲೇಬಲ್ ನಾಲ್ಕು ಸಲ ಅರ್ಧ, ಒಂದು ಸಲ ಪೂರ್ತಿ ಅಂತ ಹಿಡಿದು ಸರಾಸರಿ ತೆಗೆಯುತ್ತದೆ, 6/3 ಟ್ಯಾಂಕಿಗೆ 3.6 ಲೀಟರ್ ಬರುತ್ತದೆ. ವಾಟರ್‌ಸೆನ್ಸ್ ಎರಡು ಸಲ ಅರ್ಧ, ಒಂದು ಸಲ ಪೂರ್ತಿ ಅನ್ನುತ್ತದೆ, ಅದೇ ಟ್ಯಾಂಕಿಗೆ 4 ಲೀಟರ್. ಬಟನ್ ಅರ್ಥವಾಗದ ಮನೆಯಲ್ಲಿ? ನೇರ 6. ಒಂದೇ ಟ್ಯಾಂಕ್, ಮೂರು ನಂಬರ್.

ಎಂಟನೇ ತಿಂಗಳಲ್ಲಿ ಇದೇ ಟ್ಯಾಂಕ್ ನನಗೆ ಚೆನ್ನಾಗಿ ಬುದ್ಧಿ ಕಲಿಸಿತು. ಒಂದು ರಾತ್ರಿ, ಎಲ್ಲ ಮಲಗಿದ ಮೇಲೆ, ಬಾತ್‌ರೂಮಿಂದ ಸಣ್ಣಗೆ ಸುಯ್ಯ್ ಅನ್ನುವ ಸದ್ದು. ಎರಡು ನಿಮಿಷ ಇರುತ್ತದೆ, ನಿಲ್ಲುತ್ತದೆ. ಮತ್ತೆ ಎಷ್ಟೋ ಹೊತ್ತಿಗೆ ಇನ್ನೊಮ್ಮೆ. ಟ್ಯಾಂಕ್ ತನ್ನಷ್ಟಕ್ಕೆ ತುಂಬಿಕೊಳ್ಳುತ್ತಿತ್ತು. ಬೌಲ್‌ನಲ್ಲಿ ನೋಡಿದರೆ ಏನೂ ಕಾಣಲ್ಲ. ಬೌಲಿನ ಒಳಗೆ ಹಿಂದಿನ ಗೋಡೆಗೆ ಒಣ ಟಿಶ್ಯೂ ಪೇಪರ್ ಅಂಟಿಸಿದೆ, ಒಂದೇ ಕಡೆ ಎಳೆಯಷ್ಟು ಉದ್ದಕ್ಕೆ ಒದ್ದೆಯಾಯಿತು. ಟ್ಯಾಂಕಿಗೆ ಅಡುಗೆ ಬಣ್ಣ ಹಾಕಿ ಕಾಲು ಗಂಟೆ ಬಿಟ್ಟು ನೋಡಿದೆ, ಬೌಲ್ ನೀರು ತೆಳು ಕೆಂಪು. ಆಮೇಲೆ ಒಳಬರುವ ವಾಲ್ವ್ ಮುಚ್ಚಿ, ಟ್ಯಾಂಕಿನ ಒಳಗೋಡೆ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು ಮಲಗಿದೆ. ಏಳು ಗಂಟೆ ಬಿಟ್ಟು ನೋಡಿದರೆ ನೀರು ಗೆರೆಯಿಂದ 9 ಸೆಂಟಿಮೀಟರ್ ಕೆಳಗೆ. ಟ್ಯಾಂಕ್ ಒಳಗೆ 36 ಸೆಂಟಿಮೀಟರ್ ಉದ್ದ, 14 ಅಗಲ. ಲೆಕ್ಕ ಹಾಕಿದರೆ ನಾಲ್ಕೂವರೆ ಲೀಟರ್. ದಿನಕ್ಕೆ 15 ಲೀಟರಿಗಿಂತ ಜಾಸ್ತಿ.

ಪೂರ್ತಿ ಬದಲು ಅರ್ಧ ಒತ್ತಿದರೆ ಉಳಿಯೋದು 3 ಲೀಟರ್. ನಾವು ದಿನಕ್ಕೆ ಐದು ಸಲ ನೆನಪಿಟ್ಟು ಸಣ್ಣ ಬಟನ್ ಒತ್ತಿ ಉಳಿಸಿದ 15 ಲೀಟರನ್ನು ಟ್ಯಾಂಕ್ ರಾತ್ರಿ ಹಗಲು ಸದ್ದಿಲ್ಲದೆ ವಾಪಸ್ ತೆಗೆದುಕೊಳ್ಳುತ್ತಿತ್ತು. ಎಷ್ಟು ದಿನದಿಂದಲೋ.

ಬಿಚ್ಚಿ ನೋಡಿದರೆ ವಾಲ್ವಿನ ತಳದ ರಬ್ಬರ್ ವಾಷರ್ ಮೇಲೆ ಒಂದು ಮರಳಿನ ಕಣ, ಸಾಸಿವೆಗಿಂತ ಸಣ್ಣದು, ಅದರ ಅಡಿಯಲ್ಲಿ ಉಗುರಿನಲ್ಲಿ ಗೀರಿದಂಥ ಗುಳಿ. ಎರಡು ಬಟನ್ನಿನ ಟ್ಯಾಂಕ್‌ಗಳಲ್ಲಿ ಈ ವಾಷರ್ ನೀರಿನ ಕೆಳಗೆ ತಳದಲ್ಲೇ ಕೂರುತ್ತದೆ, ಟ್ಯಾಂಕಿಗೆ ಬಂದ ಕಸವೆಲ್ಲ ಇಳಿಯೋದು ಅಲ್ಲಿಗೇ. ಬ್ರಿಟನ್ನಿನವರ ಹಳೇ ಟ್ಯಾಂಕ್ ಬೇರೆ ಥರ ಇತ್ತು, ಸೈಫನ್. ಹಿಡಿ ಒತ್ತಿದಾಗ ನೀರು ಒಂದು ಬಾಗಿದ ಕೊಳವೆಯ ಮೇಲೆ ಹತ್ತಿ ಆಚೆ ಇಳಿಯಬೇಕು, ಮುಚ್ಚುವ ವಾಷರ್ರೇ ಇಲ್ಲ, ಹಾಗಾಗಿ ತಳದಿಂದ ಸೋರುವ ಪ್ರಶ್ನೆಯೇ ಇಲ್ಲ. ಅಲ್ಲಿ ವಾಲ್ವ್ ಇರುವ ಟ್ಯಾಂಕ್‌ಗಳಿಗೆ 2001ರವರೆಗೆ ಅನುಮತಿಯೇ ಇರಲಿಲ್ಲ. ಅನುಮತಿ ಕೊಟ್ಟ ಮೇಲೆ ಎರಡು ಬಟನ್ ಬಂತು, ಜೊತೆಗೆ ಸೋರಿಕೆಯೂ ಬಂತು. ಉಳಿಸೋದಕ್ಕಿಂತ ಸೋರೋದೇ ಜಾಸ್ತಿ ಆಯಿತು ಅಂತ ಅಲ್ಲಿನ ನೀರಿನ ಕಂಪನಿಗಳೇ ಈಗ ಹೇಳುತ್ತಿವೆ. ನನಗೆ ಇದು ಓದಿ ಸ್ವಲ್ಪ ಸಮಾಧಾನ ಆಯಿತು, ನಾನೊಬ್ಬನೇ ಅಲ್ಲವಲ್ಲ ಅಂತ.

ಟ್ಯಾಂಕ್ ಕಂಪನಿಗೆ ಫೋನ್ ಮಾಡಿದರೆ ವಾಷರ್ ಒಂದೇ ಸಿಗಲ್ಲ, ಪೂರ್ತಿ ವಾಲ್ವ್ ಸೆಟ್ ತೆಗೆದುಕೊಳ್ಳಿ ಅಂದರು. ಒಂದು ರಬ್ಬರ್ ಬಳೆಗೆ! ಕೊನೆಗೆ ಪ್ಲಂಬರ್ ತನ್ನ ಚೀಲದಿಂದ ಅದೇ ಅಳತೆಯದೊಂದು ಹುಡುಕಿ ಹಾಕಿದ, ನಾಲ್ಕು ತಿಂಗಳಿಂದ ಸರಿಯಾಗಿದೆ. ಒಳಬರುವ ಪೈಪಿಗೆ ಒಂದು ಸಣ್ಣ ಫಿಲ್ಟರ್ ಜಾಲರಿಯನ್ನೂ ಹಾಕಿಸಿದೆ. ನೀರು ಉಳಿಸುವ ಟ್ಯಾಂಕ್ ಮಾರುವವರು ಆ ಜಾಲರಿಯನ್ನು ಒಳಗೇ ಕೊಡಬೇಕಿತ್ತು, ಒಂದು ವಾಷರ್ ಜಾಸ್ತಿ ಇಡಬೇಕಿತ್ತು. ಈ ಟ್ಯಾಂಕಿಗೆ ಐದಕ್ಕೆ ಎರಡೂವರೆ. ಬೌಲಿಗೆ ನಾಲ್ಕೂವರೆ.

ಸೆನ್ಸರ್ ನಲ್ಲಿ ಮನೆಗೆ ಹಾಕಿಸಿಲ್ಲ, ಆಫೀಸಿನಲ್ಲಿ ಬಳಸುತ್ತೇನೆ. ಸೋಪ್ ಹಚ್ಚುವಾಗ ನೀರು ನಿಲ್ಲುತ್ತದೆ ಅನ್ನೋದು ಒಳ್ಳೆಯದು. ಆದರೆ ಬೇಸಿನ್ ಒರೆಸೋಕೆ ಬಂದವರ ಬಟ್ಟೆಗೂ ಅದು ನೀರು ಬಿಡುತ್ತದೆ, ಬಾಗಿ ಕನ್ನಡಿ ನೋಡಿದರೂ ಬಿಡುತ್ತದೆ. ಸೆನ್ಸರ್ ಫ್ಲಶ್ ಇನ್ನೂ ಮೋಜು, ಕೂತವರು ಸ್ವಲ್ಪ ಮುಂದೆ ಬಗ್ಗಿದರೆ ಸಾಕು, ಎದ್ದೇ ಹೋದರು ಅಂದುಕೊಂಡು ಹರಿಸಿಬಿಡುತ್ತದೆ. ಕೈ ತಾಗಿಸದೇ ಇರೋಕೆ ಅದು ಸರಿ, ನೀರು ಉಳಿಸೋಕೆ ಅಂತ ಕೊಳ್ಳಬೇಡಿ.

ನನಗೆ ಇನ್ನೂ ಆಸೆ ಇರೋದು ಜಪಾನಿನ ಮನೆಗಳಲ್ಲಿ ಇರುವ ಒಂದು ಟ್ಯಾಂಕ್ ಮೇಲೆ. ಫ್ಲಶ್ ಟ್ಯಾಂಕಿನ ಮುಚ್ಚಳವೇ ಒಂದು ಸಣ್ಣ ಬೇಸಿನ್. ಫ್ಲಶ್ ಮಾಡಿದ ಕೂಡಲೇ ಟ್ಯಾಂಕ್ ತುಂಬುವ ಶುದ್ಧ ನೀರು ಮೊದಲು ಮೇಲಿನ ನಲ್ಲಿಯಲ್ಲಿ ಬರುತ್ತದೆ, ನೀವು ಕೈ ತೊಳೆಯುತ್ತೀರಿ, ಆ ನೀರು ಕೆಳಗೆ ಟ್ಯಾಂಕಿಗೆ ಇಳಿದು ಮುಂದಿನ ಫ್ಲಶ್ ಆಗುತ್ತದೆ. ಟ್ಯಾಂಕ್ ತುಂಬಿದರೆ ನಲ್ಲಿಯೂ ನಿಂತಿತು, ಮುಚ್ಚೋಕೆ ಮರೆಯುವ ಮಾತೇ ಇಲ್ಲ. ಒಂದೇ ತೊಂದರೆ, ಕಮೋಡ್ ದಾಟಿ ಕೈ ಚಾಚಬೇಕು. ಸೊಂಟ ನೋವಿನ ಅಮ್ಮನಿಗೆ ಅದು ಆಗಲ್ಲ, ಹಾಗಾಗಿ ತರಲಿಲ್ಲ.

ಮೇಲಿನ ಬಾತ್‌ರೂಮಿನ ಹಳೇ 10 ಲೀಟರ್ ಟ್ಯಾಂಕ್ ಇನ್ನೂ ಹಾಗೇ ಇದೆ. ಬದಲಾಯಿಸಬೇಕು ಅಂದರೆ ಕಮೋಡ್ ಸಮೇತ ಎತ್ತಬೇಕು, ಟೈಲ್ಸ್ ಒಡೆಯಬೇಕು, ಧೈರ್ಯ ಬಂದಿಲ್ಲ. ಹೋದ ವಾರ ಅದಕ್ಕೂ ಅಡುಗೆ ಬಣ್ಣ ಹಾಕಿ ಕಾಲು ಗಂಟೆ ಕಾದೆ. ಅಪ್ಪನೂ ಬಂದು ಪಕ್ಕದಲ್ಲಿ ನಿಂತರು, ಕನ್ನಡಕ ಹಾಕಿಕೊಂಡು. ಬೌಲಿನ ನೀರು ತಿಳಿಯಾಗಿಯೇ ಇತ್ತು. "ಇದು ನಾನು ಹಾಕಿಸಿದ್ದು" ಅಂದರು.